ಏಳನೇ ಕಂಬ

ತಿಂಗಳ ಎರಡನೇ ಮಂಗಳವಾರ, ರಾತ್ರಿ ಏಳೂವರೆ.
ಸ್ಕೆಲ್ಡಿಂಗ್‌ಬಿ ಪ್ಯಾರಿಷ್ ಸಭಾಮಂದಿರದ ಹೀಟರಿಗೆ
ಒಂದು ಪೌಂಡಿನ ನಾಣ್ಯ ಹಾಕಿದರೆ ಇಪ್ಪತ್ತು ನಿಮಿಷ ಬೆಚ್ಚಗೆ.
ಯಾರು ಹಾಕಬೇಕೆಂಬುದೇ ನಮ್ಮ ಮೊದಲ ಚರ್ಚೆ;
ಅದು ನಡಾವಳಿಗೆ ಬರುವುದಿಲ್ಲ.

ನಾನು ಕ್ಲಾರ್ಕು. ವಾರಕ್ಕೆ ಆರು ಗಂಟೆಯ ಸಂಬಳ,
ಹದಿನಾರು ವರ್ಷದ ಕಿವಿ.
ಆಡಿದ್ದೆಲ್ಲ ಕೇಳುತ್ತೇನೆ, ಆದದ್ದಷ್ಟೇ ಬರೆಯುತ್ತೇನೆ.

ಗೈರುಹಾಜರಿ: ಶ್ರೀಮತಿ ಲೀಕ್. ಕುರಿಗಳು ಈಯುವ ಕಾಲ.
ಹಿಂದಿನ ನಡಾವಳಿಗೆ ಒಪ್ಪಿಗೆ,
ಚರಂಡಿ ಎಂದಿದ್ದಲ್ಲಿ ಹಳ್ಳ ಎಂದು ತಿದ್ದಿಕೊಂಡು:
ಚರಂಡಿಯಾದರೆ ಖರ್ಚು ನಮ್ಮದು, ಹಳ್ಳವಾದರೆ ಕೌಂಟಿಯದು.
ರೆಕ್ಟರಿ ರಸ್ತೆಯ ಗುಂಡಿಯ ಬಗ್ಗೆ ಉತ್ತರ ಬಂದಿದೆ,
ನಾಲ್ಕು ಬೆರಳು ಆಳವಿದ್ದರೆ ಗುಂಡಿ,
ಇಲ್ಲದಿದ್ದರೆ ರಸ್ತೆಯ ಸ್ವಭಾವ.

ಗುರುವಾರದ ಬಸ್ಸು ಇನ್ನು ಬರುವುದಿಲ್ಲವಂತೆ.
ಕಾಗದ ಓದಿದೆ. ಯಾರೂ ಸಿಟ್ಟಾಗಲಿಲ್ಲ;
ನನಗೆ ಹೆದರಿಕೆಯಾದದ್ದೇ ಆಗ.
ನಾಯಿಹೇಲಿನ ಡಬ್ಬಿ
ಚರ್ಚಿನ ಗೇಟಿನ ಎಡಕ್ಕೋ ಬಲಕ್ಕೋ ಎಂದು
ಮೂರು ಸಭೆ ಕಿತ್ತಾಡಿದ ಊರು ಇದು.
ಬಸ್ಸು ಹೋದದ್ದು ದೊಡ್ಡದು; ದೊಡ್ಡದಕ್ಕೆ ನಮ್ಮಲ್ಲಿ ಮಾತಿಲ್ಲ.
ಬಸ್ ತಂಗುದಾಣಕ್ಕೆ ಬಣ್ಣ ಬಳಿಯುವುದೆಂದು ಠರಾವಾಯಿತು.
ಹಸಿರು. ನಾಲ್ಕಕ್ಕೆ ಎರಡು ಮತ.

ಆಮೇಲೆ ಒಂಬತ್ತನೇ ವಿಷಯ, ಬೀದಿದೀಪ.
ಹನ್ನೊಂದು ಕಂಬ, ಕರೆಂಟಿನ ಬಿಲ್ಲು ದುಪ್ಪಟ್ಟು.
ಮಿಲ್ ಲೇನಿನ ಕೊನೆಗಿರುವ ಏಳನೇದು ಯಾರಿಗೆ ಬೇಕು
ಎಂದರು ಅಧ್ಯಕ್ಷ ಪಿಂಚ್‌ಬೆಕ್, ಕನ್ನಡಕ ಹಣೆಗೇರಿಸಿ.
ಅದರಾಚೆ ಬೀಟ್ ಹೊಲ, ಆಮೇಲೆ ಕತ್ತಲೆ, ಆಮೇಲೆ ಸಮುದ್ರ.
ಹೊಸದಾಗಿ ಬಂದ ದಂಪತಿಯ ದೂರೂ ಇತ್ತು:
ಬೆಳಕು ಮಲಗುವ ಕೋಣೆಗೆ ನುಗ್ಗುತ್ತದೆ,
ನಕ್ಷತ್ರ ಕಾಣಲೆಂದೇ ನಾವು ಇಲ್ಲಿ ಮನೆ ಕೊಂಡದ್ದು.
ತಪ್ಪೇನಿಲ್ಲ. ನಕ್ಷತ್ರಕ್ಕೂ ಒಂದು ಕಡತ ಇರಲಿ ಎಂದು
ಪತ್ರಕ್ಕೆ ನಂಬರು ಹಾಕಿ ಸೇರಿಸಿಟ್ಟಿದ್ದೆ.

ಆರಿಸೋಣ ಅನ್ನುವವರು?
ಕೈಗಳು ಏಳುತ್ತಿದ್ದವು.
ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು,
ಹೆಡ್ಲಿ ಸ್ಕ್ರಿಮ್‌ಶಾ ಎದ್ದ.
ಇಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟದ್ದು
ಒಂದೇ ಸಲ, ಕಿಟಕಿ ಹಾಕಿ ಎನ್ನಲು.
ಸಾರ್ವಜನಿಕರಿಗೆ ಮೂರೇ ನಿಮಿಷ, ಅದೂ ಸಭೆಗೆ ಮೊದಲು,
ಎಂಬ ನಿಯಮ ನನ್ನ ನಾಲಿಗೆಯ ತುದಿಯಲ್ಲಿತ್ತು.

"ರಾತ್ರಿ ಅವಳು ಎದ್ದು ಹೋಗುತ್ತಾಳೆ," ಅಂದ.
"ವಿನ್ನಿ. ಬೀಗ ಹಾಕಿದರೆ ಬಾಗಿಲಿಗೆ ತಲೆ ಚಚ್ಚುತ್ತಾಳೆ,
ಅದಕ್ಕೇ ಹಾಕುವುದಿಲ್ಲ.
ಹುಡುಕುವ ಕಷ್ಟವೂ ಇಲ್ಲ ನನಗೆ.
ಆ ಕಂಬದ ಕೆಳಗೆ ನಿಂತಿರುತ್ತಾಳೆ,
ಕೈಚೀಲ ಹಿಡಿದು, ಗುರುವಾರದ ಬಸ್ಸಿಗೆ.
ಕೋಟು ಹೊದಿಸುತ್ತೇನೆ. ಬಸ್ಸು ತಡ ಅನ್ನುತ್ತೇನೆ.
ಮನೆಗೆ ಬರುತ್ತೇವೆ."
ಕೂತ.

ಹೀಟರು ಟಕ್ಕೆಂದು ಆರಿತು.
ಆರೂ ಮಂದಿ ಒಟ್ಟಿಗೆ ಜೇಬು ತಡಕಿದರು.
ನಕ್ಷತ್ರದ ಮನೆಯ ಹೆಂಗಸು, ಒಟಿಲಿ ಎಂದು ಹೆಸರು,
"ದಪ್ಪ ಪರದೆ ಹೊಲಿಸಿದರಾಯಿತು" ಅಂದಳು,
ತನ್ನ ಮಡಿಲಲ್ಲಿದ್ದ ಕೈಗವಸಿಗೆ.

ಪಿಂಚ್‌ಬೆಕ್ ನನ್ನತ್ತ ನೋಡಿದರು. ಹೇಗೆ ಬರೆಯುವುದು?
ಒಬ್ಬರ ಮನೆಯೊಳಗಿನದು ನಡಾವಳಿಗೆ ಸಲ್ಲದು;
ಸೂಚನಾಫಲಕದ ಗಾಜಿನ ಹಿಂದೆ ಇಡೀ ಊರು ಓದುತ್ತದೆ,
ಮಳೆ ಬಂತೆಂದು ಅಲ್ಲಿ ನಿಂತವರೂ.
ಬರೆದೆ:
ವಿಷಯ ೯. ದೀಪ ೭. ಹೆಚ್ಚಿನ ಮಾಹಿತಿಗಾಗಿ ಮುಂದೂಡಲಾಗಿದೆ.

ಅದಾಗಿ ಎರಡು ಚಳಿಗಾಲ.
ಕಾರ್ಯಸೂಚಿ ಟೈಪಿಸುವಾಗ ಪ್ರತಿ ತಿಂಗಳೂ
ಆ ಸಾಲಿಗೆ ಬಂದು ನನ್ನ ಬೆರಳಿಗೆ ಮರೆವು.
ಮಾಹಿತಿ ಬಂತೇ ಎಂದು ಆಡಿಟರ್ ಕೇಳಿದ್ದಾನೆ.
ಇನ್ನೂ ಇಲ್ಲ ಎಂದಿದ್ದೇನೆ.

ಈಚೆಗೆ ಯಾರೋ ಆ ಕಂಬಕ್ಕೆ
ಹಳೆಯ ಬಸ್ಸಿನ ವೇಳಾಪಟ್ಟಿ ಕಟ್ಟಿದ್ದಾರೆ,
ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿ,
ಕೂರಲೊಂದು ಸ್ಟೂಲು ಬೇರೆ.
ಹಸಿರು ಬಣ್ಣ; ಉಳಿದ ಡಬ್ಬಿಯದೇ ಇರಬೇಕು.
ಅನುಮತಿಯಿಲ್ಲದ ಫಲಕ, ರಸ್ತೆಗೆ ಅಡ್ಡ.
ನಿಯಮದ ಪ್ರಕಾರ ನಾನೇ ತೆಗೆಸಬೇಕು.
ವಾರಕ್ಕೆ ಆರೇ ಗಂಟೆ;
ಅಷ್ಟರಲ್ಲಿ ಎಷ್ಟೆಂದು ಮಾಡಲಿ.